ಮೇಷ್ಟ್ರ ಪತ್ರಕ್ಕೆ ಉತ್ತರ: ಕೌಂಟಿಗೂ ನಮಗೂ ಏನು ಸಂಬಂಧ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಒಬ್ಬ ನಿವೃತ್ತ ಮೇಷ್ಟ್ರು ಎರಡು ಪುಟದ ಕಾಗದ ಬರ್ದಿದಾರೆ, ಕೈಬರಹದಲ್ಲಿ, ಗೆರೆ ಹಾಕಿದ ಹಾಳೆ ಮೇಲೆ. ತಿಪಟೂರಿನ ಕಡೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಟ್ಟವರು, 2018ರಿಂದ ಮಗನ ಮನೇಲಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಮುಖ್ಯವಾದಷ್ಟು ಹಾಕ್ತಿದೀನಿ:

"ತಾಯಿ, ನಿಮ್ಮ ಪತ್ರಿಕೆ ತರಿಸೋದು ಕನ್ನಡ ಓದೋ ಆಸೆಗೆ. ಮೂರು ಸಂಚಿಕೆಯಿಂದ ನೋಡ್ತಿದೀನಿ, ನಾಲ್ಕು ನಾಲ್ಕು ಪುಟ ಬರೀ ಸ್ಯಾಂಟಾ ಕ್ಲಾರಾ ಕೌಂಟಿ ಸುದ್ದಿ. ಟ್ಯಾಕ್ಸ್ ಕಟ್ಟೋ ತಾರೀಖು, ಯಾವುದೋ ಬೋರ್ಡ್ ಮೀಟಿಂಗು, ಹಳೇ ಬ್ಯಾಟರಿ ಎಲ್ಲಿ ಹಾಕ್ಬೇಕು. ಪದಬಂಧ ಕಿತ್ತು ಹಾಕಿದೀರಿ. ಮಗನ ಮನೆ, ಮಗನ ಕಾರು, ಮಗನ ಟ್ಯಾಕ್ಸು. ನಾನು ಗ್ರೀನ್ ಕಾರ್ಡಿನವನು, ವೋಟಿಲ್ಲ. ನನಗೂ ಕೌಂಟಿಗೂ ಏನು ಸಂಬಂಧ?"

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: "ಮಧ್ಯಾಹ್ನ ಮನೇಲಿ ಒಬ್ಬನೇ. ಒಂದು ಸೀನಿಯರ್ ಸೆಂಟರ್‌ಗೆ ಊಟಕ್ಕೆ ಹೋಗ್ತಿದ್ದೆ, ಸಸ್ಯಾಹಾರ ಅಂದ್ರೆ ಅಲ್ಲಿ ದಿನಾ ಚೀಸು. ಬಿಟ್ಟುಬಿಟ್ಟೆ. ಇದನ್ನ ಪತ್ರಿಕೇಲಿ ಬರೀರಿ."

ಮೇಷ್ಟ್ರೇ, ಪದಬಂಧದ ವಿಷಯ ಮೊದಲು ಮುಗಿಸಿಬಿಡ್ತೀನಿ. ತಪ್ಪು ನಂದೇ. ಪುಟ ಸಾಲ್ದೆ ಬಂದಾಗ ಅದನ್ನ ತೆಗ್ದೆ, ಎಷ್ಟು ಜನಕ್ಕೆ ಅದು ಬೆಳಗಿನ ಕಾಫಿ ಜೊತೆಗಿನ ಅಭ್ಯಾಸ ಅಂತ ಯೋಚ್ನೆ ಮಾಡ್ಲಿಲ್ಲ. ಮುಂದಿನ ಸಂಚಿಕೆಯಿಂದ ವಾಪಸ್ ಬರತ್ತೆ. ಕೌಂಟಿ ಪುಟ ನಾಲ್ಕರಿಂದ ಮೂರಾಗತ್ತೆ. ಆದ್ರೆ ಅದನ್ನ ಪೂರ್ತಿ ನಿಲ್ಸೋಕೆ ನನಗೆ ಮನಸ್ಸು ಬರಲ್ಲ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನೀವು ಮಕ್ಕಳಿಗೆ ಜಿಲ್ಲಾಡಳಿತ ಪಾಠ ಮಾಡಿದವರು, ನಿಮಗೆ ಬೇಗ ಹಿಡಿಯತ್ತೆ. ನಮ್ಮ ಕಡೆ ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಜಿಲ್ಲಾಸ್ಪತ್ರೆ, ಸಬ್‌ರಿಜಿಸ್ಟ್ರಾರ್ ಆಫೀಸು, ಜೈಲು, ಚುನಾವಣಾ ಶಾಖೆ, ಇಷ್ಟನ್ನೂ ಒಂದೇ ಮನೆಗೆ ತಂದು ಕೂರ್ಸಿದ್ರೆ ಹೆಂಗಿರತ್ತೋ ಇಲ್ಲಿ ಕೌಂಟಿ ಹತ್ತತ್ರ ಹಂಗೆ. ಮೇಲ್ಗಡೆ ಕೂತಿರೋದು ಐಎಎಸ್ ಅಧಿಕಾರಿ ಅಲ್ಲ, ಜನ ಆರಿಸಿದ ಐದು ಜನ ಸೂಪರ್‌ವೈಸರ್‌ಗಳ ಬೋರ್ಡು, ನಾಲ್ಕು ವರ್ಷದ ಅವಧಿ. ಷೆರಿಫ್‌ನೂ ಜನಾನೇ ಆರಿಸ್ತಾರೆ, ಅಂದ್ರೆ ನಮ್ಮೂರಲ್ಲಿ ಎಸ್ಪಿಗೆ ವೋಟ್ ಹಾಕಿದಂಗೆ. ಮನೆ ಬೆಲೆ ಕಟ್ಟೋ ಅಸೆಸರ್‌ನೂ ಆರಿಸ್ತಾರೆ, ಲ್ಯಾರಿ ಸ್ಟೋನ್ ಅನ್ನೋರು ಆ ಕುರ್ಚೀಲಿ 30 ವರ್ಷ ಇದ್ದು 2025ರಲ್ಲಿ ನಿವೃತ್ತಿ ತಗೊಂಡಾಗ ಆ ಜಾಗಕ್ಕೆ ಅಂತ್ಲೇ ಚುನಾವಣೆ ನಡೀತು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿ 2021ರಲ್ಲಿ ಅವಧಿ ಮುಗ್ದು ಆಮೇಲೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದನ್ನ ನೋಡಿದವರು ನಾವು, ಒಂದೇ ಒಂದು ಕುರ್ಚಿ ಖಾಲಿ ಆದ್ರೆ ಜನ ವೋಟ್ ಹಾಕೋಕೆ ಹೋಗ್ತಾರಲ್ಲ ಅದನ್ನ ನೋಡಿ ನನಗಂತೂ ಸಂಕಟಾನೂ ಆಯ್ತು ಖುಷೀನೂ ಆಯ್ತು.

ಸಿಟಿ ಬೇರೆ, ಕೌಂಟಿ ಬೇರೆ, ಸ್ಕೂಲ್ ಡಿಸ್ಟ್ರಿಕ್ಟ್ ಇನ್ನೂ ಬೇರೆ. ಈ ಕೌಂಟೀಲಿ 15 ಸಿಟಿ ಇದೆ. ನಿಮ್ಮ ಸನ್ನಿವೇಲಲ್ಲಿ ಸಿಟಿಗೆ ತನ್ನದೇ ಪಬ್ಲಿಕ್ ಸೇಫ್ಟಿ ಇಲಾಖೆ ಇದೆ, ಪೊಲೀಸರೇ ಬೆಂಕಿ ಆರಿಸೋಕೂ ತಯಾರಾಗಿರ್ತಾರೆ. ಪಕ್ಕದ ಕ್ಯುಪರ್ಟಿನೋಗೆ ಸ್ವಂತ ಪೊಲೀಸೇ ಇಲ್ಲ, ಕೌಂಟಿ ಷೆರಿಫ್‌ಗೆ ಕಾಂಟ್ರ್ಯಾಕ್ಟ್ ಕೊಟ್ಟಿದಾರೆ. ರಸ್ತೆ ಗುಂಡಿಗೆ ಕೌಂಟಿಗೆ ಫೋನ್ ಮಾಡಿ, ಪ್ರಾಪರ್ಟಿ ಟ್ಯಾಕ್ಸಿಗೆ ಸಿಟಿ ಹಾಲಿಗೆ ಹೋಗಿ, ಎರಡು ಕಡೆನೂ "ನಮ್ದಲ್ಲ" ಅನ್ನಿಸ್ಕೊಂಡು ಬಂದವರ ಪತ್ರ ನಮಗೆ ತಿಂಗಳು ತಿಂಗಳು ಬರತ್ತೆ. ಆ ಪುಟ ಶುರು ಆಗಿದ್ದೇ ಆ ಪತ್ರಗಳಿಂದ.

ಈಗ ನಿಮ್ಮ ವಿಷಯಕ್ಕೇ ಬರ್ತೀನಿ. ಕಾಗದದಲ್ಲಿ ಮಗನ್ನ ಹೊಗಳ್ತಾ ಒಂದು ಮಾತು ಬರ್ದಿದೀರ, ಕೋವಿಡ್ ಟೈಮಲ್ಲಿ ಮಗ ರಜ ಹಾಕಿ ಫುಟ್‌ಬಾಲ್ ಸ್ಟೇಡಿಯಂಗೆ ಕರ್ಕೊಂಡು ಹೋಗಿ ಇಂಜೆಕ್ಷನ್ ಹಾಕ್ಸಿದ ಅಂತ. ಅದು ಲೆವೀಸ್ ಸ್ಟೇಡಿಯಂ, 2021ರ ಫೆಬ್ರವರೀಲಿ ಅಲ್ಲಿ ಲಸಿಕೆ ಕೇಂದ್ರ ತೆಗೆದಿದ್ದು ಕೌಂಟಿ. ಅದಕ್ಕೂ ಮುಂಚೆ 2020ರ ಮಾರ್ಚ್ 16ಕ್ಕೆ ಮನೆ ಬಿಟ್ಟು ಹೊರಗೆ ಬರಬೇಡಿ ಅಂತ ಆರ್ಡರ್ ಬಂತಲ್ಲ, ಅದನ್ನ ಹೊರಡಿಸಿದ್ದು ವಾಷಿಂಗ್ಟನ್ನೂ ಅಲ್ಲ, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋನೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಬೇ ಏರಿಯಾದ ಆರು ಕೌಂಟಿಗಳ ಹೆಲ್ತ್ ಆಫೀಸರ್‌ಗಳು ಒಟ್ಟಿಗೆ ಕೂತು ಮಾಡಿದ್ದು, ನಮ್ಮ ಕೌಂಟಿ ಕಡೆಯಿಂದ ಡಾಕ್ಟರ್ ಸಾರಾ ಕೋಡಿ. ಇಡೀ ದೇಶದಲ್ಲಿ ಅಂಥ ಆರ್ಡರು ಅದೇ ಮೊದಲು, ರಾಜ್ಯ ಸರ್ಕಾರ ಮೂರು ದಿನ ಆದ್ಮೇಲೆ ಅದೇ ದಾರಿ ಹಿಡೀತು. ಆ ಒಂದು ವಾರ ನಮ್ಮ ಮನೇಲಿ ಮೊಬೈಲ್ ತುಂಬ ಬೆಂಗಳೂರು ಸುದ್ದಿ, ಟಿವಿ ತುಂಬ ನ್ಯೂಯಾರ್ಕ್ ಸುದ್ದಿ, ನಮ್ಮ ಬಾಗಿಲು ಮುಚ್ಚಿಸಿದ್ದು ಯಾರು ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ ಮೇಷ್ಟ್ರೇ.

ನನಗೆ ಕೌಂಟಿ ಅನ್ನೋದು ಮೊದಲು ಪರಿಚಯ ಆಗಿದ್ದು ಒಂದು ಕವರಿಂದ. ಮನೆ ತಗೊಂಡ ಹೊಸತು, ಟ್ಯಾಕ್ಸನ್ನ ಲೋನ್ ಕಂಪನಿಯವರೇ ತಿಂಗಳ ಕಂತಲ್ಲಿ ಸೇರಿಸ್ಕೊಂಡು ಕಟ್ತಾರೆ ಅಂತ ನೆಮ್ಮದಿಯಾಗಿದ್ವಿ. ಕೆಲವು ತಿಂಗಳು ಕಳೆದ್ಮೇಲೆ ಕೌಂಟಿಯಿಂದ ಒಂದು ಕವರ್ ಬಂತು, ಪಿಜ್ಜಾ ಕೂಪನ್ನು, ಸೋಲಾರ್ ಜಾಹೀರಾತು ಜೊತೆ ಅದೂ ಅಡಿಗೆಮನೆ ಕಟ್ಟೆ ಮೇಲೆ ಸೇರ್ಕೊಳ್ತು, ಒಡೀಲೇ ಇಲ್ಲ. ಅದು ಸಪ್ಲಿಮೆಂಟಲ್ ಟ್ಯಾಕ್ಸ್ ಬಿಲ್ಲು. ಇಲ್ಲಿ 1978ರ ಪ್ರೊಪೊಸಿಷನ್ 13 ಅಂತ ಜನ ವೋಟ್ ಹಾಕಿ ತಂದ ಕಾನೂನು ಇದೆಯಲ್ಲ, ಅದರ ಪ್ರಕಾರ ಮನೆಯ ತೆರಿಗೆ ಬೆಲೆ ವರ್ಷಕ್ಕೆ 2 ಪರ್ಸೆಂಟಿಗಿಂತ ಜಾಸ್ತಿ ಏರೋ ಹಾಗಿಲ್ಲ, ಆದ್ರೆ ಮನೆ ಕೈ ಬದಲಾದ ಕೂಡ್ಲೇ ಹೊಸ ಬೆಲೆ ಕಟ್ತಾರೆ. ಹಳೇ ಬೆಲೆಗೂ ಹೊಸ ಬೆಲೆಗೂ ಇರೋ ವ್ಯತ್ಯಾಸಕ್ಕೆ ಬೇರೆ ಬಿಲ್ಲು, ಅದು ಮನೆ ಯಜಮಾನರ ಹೆಸರಿಗೇ ಬರತ್ತೆ, ಲೋನ್ ಕಂಪನಿಗೆ ಹೋಗಲ್ಲ. ನಮಗೆ 10 ಪರ್ಸೆಂಟ್ ದಂಡ ಬಿತ್ತು. ಯಾರನ್ನ ಬೈಯೋದು, ಕವರ್ ನಮ್ಮನೇಲೇ ಇತ್ತು. ಆ ತಿಂಗಳು ಊರಿಗೆ ಹೋಗೋ ಟಿಕೆಟ್ ದುಡ್ಡು ಅದಕ್ಕೇ ಹೋಯ್ತು. ನಮ್ಮ ಕನ್ನಡ ಕೂಟದ ಪರಿಚಯದವರಲ್ಲಿ ಕೇಳಿ ನೋಡ್ದೆ, ಒಬ್ಬರಲ್ಲ ಇಬ್ಬರಲ್ಲ, ಎಷ್ಟೋ ಮನೇಲಿ ಇದೇ ಕಥೆ, ನಾಚ್ಕೆಗೆ ಯಾರೂ ಯಾರಿಗೂ ಹೇಳಿರ್ಲಿಲ್ಲ ಅಷ್ಟೆ. ಡಿಸೆಂಬರ್ 10, ಏಪ್ರಿಲ್ 10, ಈ ಎರಡು ತಾರೀಖು ಪ್ರತಿ ವರ್ಷ ದಪ್ಪಕ್ಷರದಲ್ಲಿ ಹಾಕ್ತೀನಲ್ಲ, ಅವು ಮಾಮೂಲಿ ಪ್ರಾಪರ್ಟಿ ಟ್ಯಾಕ್ಸಿನ ಎರಡು ಕಂತಿಗೆ ಕೊನೇ ದಿನ, ಸಪ್ಲಿಮೆಂಟಲ್ ಬಿಲ್ಲಿನ ಗಡುವು ಆ ಬಿಲ್ಲಲ್ಲೇ ಇರತ್ತೆ. ನಿಮ್ಮ ಮಗ ಮನೆ ತಗೊಂಡಿದಾರೆ ಅಂದ್ರೆ ಹೋಮ್‌ಓನರ್ಸ್ ಎಕ್ಸೆಂಪ್ಷನ್ ಅರ್ಜಿ ಹಾಕಿದಾರಾ ಕೇಳಿ, ತೆರಿಗೆ ಬೆಲೇಲಿ 7,000 ಡಾಲರ್ ಬಿಡ್ತಾರೆ, ಅಂದ್ರೆ ವರ್ಷಕ್ಕೆ ಸುಮಾರು 70 ಡಾಲರ್ ಉಳಿಯತ್ತೆ. ದೊಡ್ಡ ಮೊತ್ತ ಅಲ್ಲ, ಆದ್ರೆ ಒಂದ್ಸಲ ಹಾಕಿದ್ರೆ ಅಲ್ಲಿ ವಾಸ ಇರೋವರೆಗೂ ಇರತ್ತೆ.

ಇನ್ನೊಂದು ನನ್ನ ಅಮ್ಮನ ವಿಷಯ. ಬಂದ ವರ್ಷವೇ ಹುಷಾರು ತಪ್ಪಿ ಕೌಂಟಿ ಆಸ್ಪತ್ರೆಯೊಂದಕ್ಕೆ ಕರ್ಕೊಂಡು ಹೋಗ್ಬೇಕಾಯ್ತು, ನಾನು ಊರಲ್ಲಿರ್ಲಿಲ್ಲ, ಜೊತೆಗಿದ್ದವನು 13 ವರ್ಷದ ನನ್ನ ಮಗ. ಅಮ್ಮ "ಹೊಟ್ಟೆ ತೊಳಸ್ತಿದೆ ಕಂದಾ" ಅಂದಿದಾರೆ. ಅವನಿಗೆ ತೊಳೆಯೋದು ಗೊತ್ತು, ತೊಳಸೋದು ಗೊತ್ತಿಲ್ಲ. ಹೊಟ್ಟೆ ತೊಳೀಬೇಕಂತೆ ಅಂತ ನರ್ಸ್‌ಗೆ ಹೇಳಿದಾನೆ. ನರ್ಸ್ ಒಂದು ಕ್ಷಣ ಅವನ ಮುಖ ನೋಡಿ, ಬೆನ್ನು ತಟ್ಟಿ, ಫೋನ್ ತಗೊಂಡು ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿದಾರೆ. ಸ್ವಲ್ಪ ಹೊತ್ತಿಗೆ ಸ್ಪೀಕರಲ್ಲಿ ಒಬ್ಬ ಹೆಂಗಸಿನ ದನಿ, "ಅಮ್ಮಾ ನಮಸ್ಕಾರ, ಏನಾಗ್ತಿದೆ ಹೇಳಿ", ಅಷ್ಟೇ, ಅಮ್ಮ ಅತ್ತೇಬಿಟ್ರಂತೆ. ಆಮೇಲೆ ಎದೆ ಹಿಡ್ಕೊಳ್ಳೋದು, ಬೆವರು ಬರೋದು, ರಾತ್ರಿ ಮಾತ್ರೆ ಎರಡು ದಿನ ಬಿಟ್ಟಿದ್ದು, ನನ್ನ ಹತ್ರ ಮುಚ್ಚಿಟ್ಟಿದ್ದೆಲ್ಲ ಹೊರಗೆ ಬಂತು. ಫೆಡರಲ್ ಹಣ ಪಡೆಯೋ ಯಾವ ಆಸ್ಪತ್ರೆ ಆದ್ರೂ ಭಾಷೆ ಬರದವರಿಗೆ ಪುಕ್ಕಟೆ ಇಂಟರ್‌ಪ್ರಿಟರ್ ಕೊಡ್ಲೇಬೇಕು, ಅದು ಉಪಕಾರ ಅಲ್ಲ, ಕಾನೂನು. ಮೊಮ್ಮಕ್ಕಳನ್ನ ಮುಂದೆ ನಿಲ್ಲಿಸ್ಬೇಡಿ. "ಕನ್ನಡ" ಅಂತ ಒಂದು ಪದ ಹೇಳಿ ಸಾಕು.

ಈ ಆಸ್ಪತ್ರೆಗಳು ಇಷ್ಟು ದಿನ ಉಳ್ಕೊಂಡಿರೋದೇ ಕೌಂಟಿಯಿಂದ. ವ್ಯಾಲಿ ಮೆಡಿಕಲ್ ಮೊದಲಿಂದ ಅವರದ್ದೇ, 2019ರಲ್ಲಿ ಒ'ಕಾನರ್ ಮತ್ತು ಗಿಲ್ರಾಯ್‌ನ ಸೇಂಟ್ ಲೂಯಿಸ್ ಕೊಂಡ್ಕೊಂಡ್ರು, 2025ರ ಏಪ್ರಿಲ್ 1ಕ್ಕೆ ಪೂರ್ವ ಸ್ಯಾನ್ ಹೋಸೆಯ ರೀಜನಲ್ ಕೂಡ ಬಂತು. ಅದಾಗಿ ಮೂರು ತಿಂಗಳಿಗೆ ವಾಷಿಂಗ್ಟನ್ನಲ್ಲಿ ಮೆಡಿಕೇಡ್‌ಗೆ, ಅಂದ್ರೆ ಬಡವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆಗೆ, ಕತ್ತರಿ ಬಿತ್ತು, ಈ ಆಸ್ಪತ್ರೆಗಳಿಗೆ ಅದರಿಂದ ಬರೋ ದುಡ್ಡಿಗೇ ಹೊಡೆತ. ಆ ನವೆಂಬರಲ್ಲಿ ಮೆಶರ್ ಎ ಅಂತ ವೋಟಿಗೆ ಹಾಕಿದ್ರು, ಸೇಲ್ಸ್ ಟ್ಯಾಕ್ಸ್ ಐದು ವರ್ಷಕ್ಕೆ ಏರಿಸೋದು, 100 ಡಾಲರಿಗೆ 62.5 ಸೆಂಟ್, ಜನ ಒಪ್ಪಿದ್ರು. ಅದರ ಬಗ್ಗೆ ನಾವು ಎರಡು ಪುಟ ಬರ್ದಿದ್ದಕ್ಕೆ ನಿಮಗೆ ಸಿಟ್ಟು ಬಂದಿದ್ದು. ಮೇಷ್ಟ್ರೇ, ಅಕ್ಕಿ ಬೇಳೆ ತರಕಾರಿಗೆ ಇಲ್ಲಿ ಸೇಲ್ಸ್ ಟ್ಯಾಕ್ಸಿಲ್ಲ ನಿಜ, ಆದ್ರೆ ಹೋಟೆಲಲ್ಲಿ ಮಸಾಲೆ ದೋಸೆ ತಿಂದ್ರೆ ಇದೆ, ಮೊಮ್ಮಗಳಿಗೆ ಶೂ ಕೊಡ್ಸಿದ್ರೆ ಇದೆ, ಅಲ್ಲಿ ಯಾರೂ ನಿಮಗೆ ವೋಟಿದೆಯಾ ಅಂತ ಕೇಳಲ್ಲ. ಇನ್ನೂ ಮುಖ್ಯವಾದದ್ದು, ಈ ಮೆಶರ್ ಎ ಜನರಲ್ ಟ್ಯಾಕ್ಸು. ಆಸ್ಪತ್ರೆಗೆ ಅಂತ ಹೇಳಿ ಕೇಳಿದ್ರೂ ಆಸ್ಪತ್ರೆಗೇ ಖರ್ಚು ಮಾಡ್ಬೇಕು ಅಂತ ಕಾನೂನಿನ ಕಟ್ಟಿಲ್ಲ. ಎಲ್ಲಿ ಹೋಗತ್ತೆ ಅಂತ ಬಜೆಟ್ ಹೊತ್ತಲ್ಲಿ ಆ ಐದು ಜನ ತೀರ್ಮಾನ ಮಾಡ್ತಾರೆ. ಹಂಗಾಗಿ ಮೀಟಿಂಗಿನ ಸುದ್ದಿ ಹಾಕ್ತೀನಿ, ಇನ್ನೂ ಐದು ವರ್ಷ ಬಿಡದೆ ಹಾಕ್ತೀನಿ.

ಸಣ್ಣಪುಟ್ಟದ್ದು ಬೇಗ ಹೇಳ್ಬಿಡ್ತೀನಿ. ಬ್ಯಾಟರಿ, ಟ್ಯೂಬ್‌ಲೈಟು, ಹಳೇ ಪೇಂಟು ಕಸದ ಡಬ್ಬಿಗೆ ಹಾಕೋ ಹಾಗಿಲ್ಲ, ಕೌಂಟಿಯವರು ಅಪಾಯಿಂಟ್‌ಮೆಂಟ್ ಕೊಟ್ಟು ಪುಕ್ಕಟೆ ತಗೋತಾರೆ. ಪಟಾಕಿ ಗಿಲ್ರಾಯ್ ಬಿಟ್ಟು ಕೌಂಟೀಲಿ ಎಲ್ಲೂ ಹೊಡೆಯೋ ಹಾಗಿಲ್ಲ, ಅಲ್ಲೂ ಜುಲೈ 4ರ ಆಸುಪಾಸಿಗೆ ಮಾತ್ರ. 2026ರಿಂದ ದೀಪಾವಳಿ ಕ್ಯಾಲಿಫೋರ್ನಿಯಾದ ರಾಜ್ಯ ಹಬ್ಬ ಅನ್ನೋ ಸುದ್ದಿ ಎಲ್ಲರ ವಾಟ್ಸಾಪಲ್ಲೂ ಓಡಾಡ್ತು, ಪಟಾಕಿ ನಿಯಮ ಯಾರೂ ಕಳಿಸ್ಲಿಲ್ಲ, ಅದನ್ನ ನಾವಾದ್ರೂ ಹಾಕ್ಬೇಕಲ್ಲ. ಬೆಂಕಿ, ಪ್ರವಾಹ ಬಂದಾಗ ಫೋನಿಗೆ ಎಚ್ಚರಿಕೆ ಕಳಿಸೋ ಅಲರ್ಟ್‌ಎಸ್‌ಸಿಸಿಗೆ ಹೆಸರು ಹಾಕ್ಸಿ, ಮಗನ ನಂಬರ್ ಅಲ್ಲ, ನಿಮ್ಮದೇ ನಂಬರ್, ಮಧ್ಯಾಹ್ನ ಮನೇಲಿ ಒಬ್ಬರೇ ಇರೋರು ನೀವು.

ಈಗ ಆ ಕೊನೇ ಸಾಲು, ಚೀಸಿನ ಊಟ. ಅದನ್ನ ಓದಿದಾಗ್ಲೇ ಇಷ್ಟು ಉದ್ದ ಉತ್ತರ ಬರೀಬೇಕು ಅನ್ನಿಸಿದ್ದು ನನಗೆ. ಸೀನಿಯರ್ ಸೆಂಟರ್‌ಗಳಲ್ಲಿ 60 ದಾಟಿದವರಿಗೆ ಹಾಕೋ ಆ ಊಟ ಸೀನಿಯರ್ ನ್ಯೂಟ್ರಿಷನ್ ಪ್ರೋಗ್ರಾಂ, ಅದನ್ನ ಇಲ್ಲಿ ನಡೆಸೋದು ಕೌಂಟಿ. ನನಗೂ ಕೌಂಟಿಗೂ ಏನು ಸಂಬಂಧ ಅಂತ ಕೇಳಿದ ಅದೇ ಹಾಳೆ ಕೆಳಗೆ ನೀವೇ ಬರ್ದಿದೀರ, ಅವರ ತಟ್ಟೇಲಿ ಊಟ ಮಾಡ್ತಿದ್ದೆ, ರುಚಿ ಹಿಡೀಲಿಲ್ಲ, ಎದ್ದು ಬಂದೆ ಅಂತ. ಪತ್ರಿಕೇಲಿ ಬರ್ದಿದೀನಿ, ನೋಡಿ, ಮೇಲೇ ಇದೆ. ಆದ್ರೆ ನಮ್ಮ ಪತ್ರಿಕೆ ಓದಿ ಅವರು ಒಂದು ಅನ್ನ ಸಾರು ಜಾಸ್ತಿ ಮಾಡಲ್ಲ. ಹೇಳ್ಬೇಕಾದ ಜಾಗ ಬೇರೆ ಇದೆ.

ಬೋರ್ಡ್ ಮೀಟಿಂಗ್ ನಡೆಯೋದು ಸ್ಯಾನ್ ಹೋಸೆಲಿ, ವೆಸ್ಟ್ ಹೆಡ್ಡಿಂಗ್ ಸ್ಟ್ರೀಟ್ 70ನೇ ನಂಬರ್ ಕಟ್ಟಡದಲ್ಲಿ. 1953ರ ಬ್ರೌನ್ ಆ್ಯಕ್ಟ್ ಪ್ರಕಾರ ಮಾಮೂಲಿ ಮೀಟಿಂಗಿಗೆ 72 ಗಂಟೆ ಮುಂಚೆ ವಿಷಯಪಟ್ಟಿ ಹಾಕ್ಬೇಕು, ಬಂದ ಸಾರ್ವಜನಿಕರಿಗೆ ಮಾತಾಡೋಕೆ ಬಿಡ್ಬೇಕು. ಸಿಟಿಜನ್ನಾ, ಗ್ರೀನ್ ಕಾರ್ಡಾ, ಎಚ್-1ಬಿನಾ ಯಾರೂ ಕೇಳೋ ಹಾಗಿಲ್ಲ, ಹೆಸರು ಹೇಳ್ಲೇಬೇಕು ಅಂತ್ಲೂ ಇಲ್ಲ. ನಮ್ಮ ಹುಡುಗರು 15 ವರ್ಷ ಗ್ರೀನ್ ಕಾರ್ಡಿಗೆ ಕಾಯ್ತಾ, ವೋಟಿಲ್ಲ ಅಂದ್ಮೇಲೆ ಬಾಯೂ ಇಲ್ಲ ಅಂದ್ಕೊಂಡು ಸುಮ್ನಿದಾರೆ, ಅದು ನನಗೆ ತುಂಬಾ ನೋವು ಕೊಡೋ ವಿಷಯ. ಅದೇ ಕಾನೂನಲ್ಲಿ ಇನ್ನೊಂದು ಮಾತಿದೆ, ಒಬ್ಬೊಬ್ಬರಿಗೆ ಇಷ್ಟೇ ನಿಮಿಷ ಅಂತ ಗಡಿ ಹಾಕಿದ್ರೆ, ದುಭಾಷಿ ಜೊತೆ ಮಾತಾಡೋರಿಗೆ ಅದರ ಎರಡರಷ್ಟು ಹೊತ್ತು ಕೊಡ್ಬೇಕು. ಎರಡು ನಿಮಿಷ ಇದ್ರೆ ನಿಮಗೆ ನಾಲ್ಕು ನಿಮಿಷ.

ನೀವು ಕನ್ನಡದಲ್ಲೇ ಹೇಳಿ ಮೇಷ್ಟ್ರೇ, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಲ್ಲಿ ಹೇಳ್ತೀನಿ. ಏನೇನು ಬೇಕು ಅಂತ ಈಗ್ಲೇ ಒಂದು ಹಾಳೇಲಿ ಬರ್ದಿಡಿ, ಅನ್ನ, ಬೇಳೆ, ಮೊಸರು, ವಾರಕ್ಕೆ ಎಷ್ಟು ದಿನ, ನಿಮ್ಮಂಥವರು ಆ ಸೆಂಟರಲ್ಲಿ ಇನ್ನೂ ಎಷ್ಟು ಜನ ಇದ್ರು, ಅವರಲ್ಲಿ ಯಾರ್ಯಾರು ಬಿಟ್ರು. ಸಾಮಾನ್ಯವಾಗಿ ಮೀಟಿಂಗ್ ಮಂಗಳವಾರ ಬೆಳಿಗ್ಗೆ. ನಾನು ಹೋಗೋದು ಸನ್ನಿವೇಲ್ ಮೇಲೇ, ಎಂಟೂವರೆಗೆ ನಿಮ್ಮ ಮನೆ ಮುಂದೆ ಕಾರ್ ನಿಲ್ಲಿಸ್ತೀನಿ. ಒಂದು ಸ್ವೆಟರ್ ಹಾಕ್ಕೊಂಡು ಬನ್ನಿ, ಒಳಗೆ ಎಸಿ ಜಾಸ್ತಿ ಇರತ್ತೆ.