ಶಾಲಾ ಮಕ್ಕಳಲ್ಲಿ ಸೈಬರ್ ಬುಲ್ಲಿಯಿಂಗ್ ಯಾಕೆ ಆಗುತ್ತೆ, ಮನಸ್ಸಿನ ಮೇಲೆ ಅದರ ಪರಿಣಾಮ ಏನು?

ಸೈಬರ್ ಬುಲ್ಲಿಯಿಂಗ್ ಅಂದರೆ ಫೋನ್, ಇಂಟರ್ನೆಟ್ ಮೂಲಕ ಕಾಟ ಕೊಡುವುದು. ಹೀಗೆ ಕಾಟ ಕೊಡುವವರು ಯಾರೋ ಅಪರಿಚಿತರು ಅಂದುಕೊಳ್ಳುತ್ತೇವೆ, ಅಲ್ವಾ? ಬಹಳಷ್ಟು ಸಲ ಅದೇ ಕ್ಲಾಸಿನವರೇ ಇರುತ್ತಾರೆ. ಅಲ್ಲಿ ಶುರುವಾದ ಜಗಳ, ಹೊಟ್ಟೆಕಿಚ್ಚು, ಗುಂಪಿನಲ್ಲಿ ಮೆರೆಯುವ ಆಸೆ, ಎಲ್ಲ ಸಂಜೆ ಫೋನಿಗೆ ಬರುತ್ತದೆ. ಎದುರಿಗಿರುವವರ ಮುಖ ಕಾಣದಿದ್ದಾಗ ಮಾತಿಗೆ ಲಗಾಮು ಇರುವುದಿಲ್ಲ. ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಇದನ್ನೇ ‘ಆನ್‌ಲೈನ್ ಡಿಸ್‌ಇನ್‌ಹಿಬಿಷನ್’ ಎಂದು ವಿವರಿಸಿದರು. ಒಬ್ಬಳ ಫೋಟೋಗೆ ಕೊಂಕು ಸಾಲು ಸೇರಿಸಿ ಗ್ರೂಪಿಗೆ ಹಾಕುತ್ತಾರೆ, ನಾಲ್ಕು ಜನ ನಗುವ ಇಮೋಜಿ ಒತ್ತುತ್ತಾರೆ, ಹಾಕಿದವರಿಗೆ ಅದೇ ಬಹುಮಾನ. ಸುಮ್ನೆ ನಕ್ಕವರ ಪಾಲೂ ಕಡಿಮೆಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಶಾಲೆಯ ಗೇಟು ದಾಟಿದರೂ ಇದು ನಿಲ್ಲುವುದಿಲ್ಲ. ರಾತ್ರಿ ಮಲಗಿದಾಗಲೂ ಯಾರು ಏನು ಹಾಕಿದರೋ ಎಂದು ಮತ್ತೆ ಮತ್ತೆ ಫೋನ್ ನೋಡುವುದು, ನಿದ್ದೆ ಕೆಡುವುದು, ಬೆಳಿಗ್ಗೆ ಹೊಟ್ಟೆನೋವು ಅಂತ ಶಾಲೆ ತಪ್ಪಿಸುವುದು. ಆತಂಕ, ಖಿನ್ನತೆ ಬರಬಹುದು. ಕೆಲವರಲ್ಲಿ ತಮಗೇ ಗಾಯ ಮಾಡಿಕೊಳ್ಳುವ, ಸಾಯುವ ಯೋಚನೆಯೂ ಬರುತ್ತದೆ, ಆಗ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು. ತಾವೂ ಕಾಟ ತಿಂದು ಬೇರೆಯವರಿಗೂ ಕೊಡುವ ಮಕ್ಕಳ ಸ್ಥಿತಿ ಇನ್ನೂ ಕಷ್ಟ.

ಮನೆಯಲ್ಲಿ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಹಾಗಾಗಿ ಮೊದಲು ಬೈಯದೆ ಕೇಳಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿಸಿ.