ಐಸಿ ಸ್ಟ್ರೇಟ್ ಪಾಯಿಂಟ್‌ನಲ್ಲಿ ಎಂಟು ಗಂಟೆ: ಹಡಗಿನಿಂದ ಇಳಿಯಬೇಕಾ?

ಸಿಯಾಟಲ್‌ನಿಂದ ಜುಲೈ ಕೊನೆಯಲ್ಲಿ ಅಲಾಸ್ಕಾ ಕ್ರೂಸ್, ಜೊತೆಗೆ ಬೆಂಗಳೂರಿನಿಂದ ಬರುವ ಅಪ್ಪ ಅಮ್ಮ. ದಾರಿಯಲ್ಲಿ ಐಸಿ ಸ್ಟ್ರೇಟ್ ಪಾಯಿಂಟ್ ಎಂಬ ಅಲಾಸ್ಕಾದ ಸಣ್ಣ ಬಂದರಿನಲ್ಲಿ ಹಡಗು ಎಂಟು ಗಂಟೆ ನಿಲ್ಲುತ್ತದೆ, ಅಲ್ಲಿ ಕಾಡು ಬಿಟ್ಟರೆ ಏನೂ ಇಲ್ಲವಂತೆ, ಇಳಿಯಬೇಕಾ ಎಂದು ಕೇಳಿದ್ದೀರಿ.

ಇಳಿಯಿರಿ. ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಅಪ್ಪ ಅಮ್ಮನನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಏಳು ದಿನದ ಪ್ರಯಾಣದಲ್ಲಿ ಅವರು ಈಗಲೂ ಮಾತಾಡುವುದು ಈ ಒಂದು ಜಾಗದ ಬಗ್ಗೆ. ಆದರೆ ದುಡ್ಡು ಕೊಟ್ಟು ಬುಕ್ ಮಾಡುವುದು ಒಂದೇ ಒಂದು ಇರಲಿ. ಉಳಿದ ಹೊತ್ತು ಖಾಲಿ ಬಿಡಿ.

ನಾನು ಹಾಗೆ ಮಾಡಲಿಲ್ಲ. ಬೆಳಿಗ್ಗೆ ತಿಮಿಂಗಿಲ, ಮಧ್ಯಾಹ್ನ ಕರಡಿ ಅಂತ ಎರಡು ಟೂರ್ ಹಿಡಿದೆ, ನಡುವೆ ಬರೀ ನಲವತ್ತು ನಿಮಿಷ. ದೋಣಿ ತಡವಾಗಿ ವಾಪಸ್ ಬಂತು. ಅಮ್ಮ ಊಟ ಇಲ್ಲದೆ ಬಸ್ ಹತ್ತಿದರು. ಮಳೆಯಲ್ಲಿ ಕಾಡೊಳಗೆ ಸುತ್ತಿದ್ದಾಯಿತು. ಕರಡಿ ಸಿಗಲಿಲ್ಲ, ಕೆಸರಲ್ಲಿ ಅದರ ಹೆಜ್ಜೆ ಗುರುತು ಸಿಕ್ಕಿತು. "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದರು ಅಪ್ಪ.

ಒಂದೇ ಆರಿಸುವುದಾದರೆ ತಿಮಿಂಗಿಲ ಆರಿಸಿ. ಈ ಬಂದರು ಇರುವುದು ಚಿಚಗೋಫ್ ದ್ವೀಪದಲ್ಲಿ. ಅದರ ಉತ್ತರ ತುದಿಯ ಪಾಯಿಂಟ್ ಅಡಾಲ್ಫಸ್ ಎಂಬಲ್ಲಿ ಉಬ್ಬರ ಇಳಿತದ ಸೆಳೆತಗಳು ಕೂಡುತ್ತವೆ, ಸಣ್ಣ ಮೀನು ಗುಂಪುಗಟ್ಟುತ್ತದೆ. ಚಳಿಗಾಲವನ್ನು ಹವಾಯಿ ಕಡೆ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಇಲ್ಲಿಗೆ ಹೊಟ್ಟೆ ತುಂಬಿಸಿಕೊಳ್ಳಲು ಬರುತ್ತವೆ. ಕಾನೂನು ಪ್ರಕಾರ ದೋಣಿ 100 ಗಜ ದೂರ ಇರಬೇಕು. ಅಷ್ಟು ದೂರದಿಂದಲೂ ಅದು ಉಸಿರು ಬಿಟ್ಟ ಸದ್ದು ಕೇಳುತ್ತದೆ, ದೊಡ್ಡ ಕುಕ್ಕರ್ ಒಂದು ಸಲ ಜೋರಾಗಿ ಉಸ್ಸೆಂದ ಹಾಗೆ. ಬೈನಾಕ್ಯುಲರ್ ತಗೊಂಡು ಹೋಗಿ. ದೋಣಿ ಅಲುಗಾಡುತ್ತದೆ, ವಾಂತಿ ಆಗುವವರಿಗೆ ಮಾತ್ರೆ ಮೊದಲೇ ಕೊಡಿ.

ಕರಡಿ ಸುಳ್ಳಲ್ಲ. ಈ ದ್ವೀಪದಲ್ಲಿ ಕಂದು ಕರಡಿ ತುಂಬಾ ಇವೆ, ಕಪ್ಪು ಕರಡಿ ಇಲ್ಲವೇ ಇಲ್ಲ. ಸಾಲ್ಮನ್ ಮೀನು ಹೊಳೆ ಹತ್ತುವ ಹೊತ್ತಿನಲ್ಲಿ ಅವು ನೀರಿನ ಹತ್ತಿರ ಬರುತ್ತವೆ, ನಿಮ್ಮ ಜುಲೈ ಕೊನೆಗೆ ನಮ್ಮ ಜೂನ್‌ಗಿಂತ ಅದೃಷ್ಟ ಜಾಸ್ತಿ ಇರಬಹುದು. ಆದರೂ ಅಪ್ಪ ಅಮ್ಮ ಜೊತೆಗಿದ್ದಾಗ ನಾನಂತೂ ಆ ಜೂಜು ಆಡಲ್ಲ.

ಜಿಪ್‌ರೈಡರ್, ಅಂದರೆ ಬೆಟ್ಟದ ಮೇಲಿಂದ ತಂತಿಗೆ ನೇತಾಡುತ್ತಾ ಜಾರಿ ಬರುವ ಆಟದ ಬಗ್ಗೆಯೂ ಕೇಳಿದ್ದೀರಿ. 5,330 ಅಡಿ ಉದ್ದ, 1,320 ಅಡಿ ಇಳಿತ, ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ನಿಮಗೆ ಆಸೆ ಇದ್ದರೆ ಹೋಗಿ, ಅಷ್ಟು ಹೊತ್ತು ಅವರು ಕೆಳಗೆ ಕಾಫಿ ಕುಡಿಯಲಿ. ಎರಡು ಹಡಗುಕಟ್ಟೆಗಳ ನಡುವಿನ ಗೊಂಡೋಲಾ (ಕೇಬಲ್ ಕಾರ್) ಫ್ರೀ. ಬೆಟ್ಟದ ಮೇಲೆ ಹೋಗುವುದಕ್ಕೆ ಬೇರೆ ಟಿಕೆಟ್, ಮೋಡ ಕವಿದಿದ್ದರೆ ಸುಮ್ನೆ ದಂಡ.

ಖಾಲಿ ಹೊತ್ತಲ್ಲಿ ಏನು ಮಾಡೋದು ಅಂದರೆ, ದಡದಲ್ಲಿ ಕೂರಿ. ನಿಜವಾಗಿ ಹೇಳುತ್ತಿದ್ದೇನೆ. ಸಂಜೆ ಕಲ್ಲುಗಳ ಮೇಲೆ ಕೂತಿದ್ದ ಅಮ್ಮನೇ ಮೊದಲು ಕೂಗಿದ್ದು, ದಡದಿಂದ ಸ್ವಲ್ಪ ದೂರದಲ್ಲೇ ತಿಮಿಂಗಿಲದ ಬೆನ್ನು ಎದ್ದಿತ್ತು. ಬೆಳಿಗ್ಗೆ ಅಷ್ಟು ಡಾಲರ್ ಕೊಟ್ಟಿದ್ದು ಯಾಕೆ ಎಂದು ಅಪ್ಪ ನನ್ನ ಮುಖ ನೋಡಿದರು.

ಹಾಗೇ ರಸ್ತೆ ಹಿಡಿದು ಸುಮಾರು ಎರಡೂವರೆ ಕಿಲೋಮೀಟರ್ ನಡೆದರೆ ಹೂನಾ ಊರು. ಸಾವಿರಕ್ಕೂ ಕಡಿಮೆ ಜನ, ಹೆಚ್ಚಿನವರು ಟ್ಲಿಂಗಿಟ್ ಎಂಬ ಮೂಲನಿವಾಸಿ ಸಮುದಾಯದವರು. ಇವರ ಹಿರಿಯರು ಎದುರಿನ ಗ್ಲೇಸಿಯರ್ ಬೇ ಕಡೆಯವರು. 18ನೇ ಶತಮಾನದಲ್ಲಿ ಹಿಮನದಿ ಮುಂದೆ ಸರಿದು ಬಂದು ಅವರ ಹಳ್ಳಿಗಳನ್ನು ನುಂಗಿತು, ಜನ ಈಚೆ ದಡಕ್ಕೆ ಬಂದರು. 1944ರ ಬೆಂಕಿಯಲ್ಲಿ ಹೂನಾ ಬಹುಪಾಲು ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಬಂದರನ್ನು ನಡೆಸುವುದೂ ಇವರದೇ ಕಂಪನಿ, ಹೂನಾ ಟೋಟೆಮ್ ಕಾರ್ಪೊರೇಷನ್. 1912ರ ಮೀನು ಡಬ್ಬಿ ಕಾರ್ಖಾನೆಯನ್ನು ದುರಸ್ತಿ ಮಾಡಿ 2004ರಲ್ಲಿ ಕ್ರೂಸ್‌ಗೆ ತೆರೆದರು. ಒಳಗಿನ ಹಳೇ ಯಂತ್ರಗಳನ್ನು ನೋಡಲು ಕಾಸಿಲ್ಲ. ಅಲಾಸ್ಕಾದ ಬೇರೆ ಬಂದರುಗಳಾದ ಕೆಚಿಕಾನ್, ಜೂನೋಗಳಲ್ಲಿ ಇಳಿದ ಕೂಡಲೇ ಒಡವೆ ಅಂಗಡಿಗಳ ಸಾಲು. ನೆನಪಿಗೆ ಏನಾದರೂ ಕೊಳ್ಳುವುದಿದ್ದರೆ ಅಲ್ಲಿ ಬೇಡ, ಐಸಿ ಸ್ಟ್ರೇಟ್ ಪಾಯಿಂಟ್‌ನಲ್ಲೇ ಕೊಳ್ಳಿ.

ಮಳೆ ಬರುತ್ತದೆ ಅಂತಲೇ ಅಂದುಕೊಳ್ಳಿ. ಆಗುಂಬೆ ಮಳೆಯ ಹಾಗೆ ಹೊಡೆಯುವುದಲ್ಲ, ಜಿಟಿಜಿಟಿ, ಜೊತೆಗೆ ಗಾಳಿ. ದೋಣಿಯಲ್ಲಿ ಕೊಡೆ ನಿಲ್ಲಲ್ಲ, ಟೋಪಿ ಇರುವ ರೇನ್‌ಕೋಟ್ ಬೇಕು. ಕಂಬಳಿ ಕೊಪ್ಪೆ ತರಬೇಕಿತ್ತು ಎಂದು ಅಪ್ಪ ಹತ್ತು ಸಲ ಹೇಳಿದರು. ಸಸ್ಯಾಹಾರಿಗಳಾದರೆ ಹಡಗಲ್ಲೇ ತಿಂಡಿ ಚೆನ್ನಾಗಿ ಮುಗಿಸಿ ಇಳಿಯಿರಿ, ದಡದಲ್ಲಿ ಏಡಿ ಮತ್ತು ಮೀನಿನದೇ ಭರಾಟೆ. ಅಲಾಸ್ಕಾ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನ್ ನಂಬಬೇಡಿ, ಹಡಗಿನ ಟೈಮೇ ಟೈಮ್. ಊರಿನವರ ದೋಣಿಯನ್ನು ನೀವೇ ಬುಕ್ ಮಾಡಿದ್ದರೆ ಹಡಗು ನಿಮಗೋಸ್ಕರ ಕಾಯಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ 1886ರ ಕಾನೂನೊಂದರಿಂದಾಗಿ, ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಬಾವುಟದ ಹಡಗು ನಡುವೆ ಬೇರೆ ದೇಶದ ಬಂದರೊಂದನ್ನು ಮುಟ್ಟಲೇಬೇಕು. ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಅಮೆರಿಕ ವೀಸಾ ಒಂದೇ ಸಾಲದು, ಕೆನಡಾ ವೀಸಾನೂ ಬೇಕು. ಗ್ರೀನ್ ಕಾರ್ಡ್ ಇದ್ದರೆ ನಿಮಗೆ ಬೇಡ, ಎಚ್‌1ಬಿ ಕೆಲಸದ ವೀಸಾ ಆದರೆ ನಿಮಗೂ ಬೇಕು. ಇನ್ನೂ ಅರ್ಜಿ ಹಾಕಿಲ್ಲದಿದ್ದರೆ ತಿಮಿಂಗಿಲದ ಟಿಕೆಟ್ ಆಮೇಲೆ, ಮೊದಲು ಅದನ್ನು ಮಾಡಿ.