ಕೊಲೆಗಾರನಿಗೆ ಕಾರಣ ಬೇಕೇ?

ಪ್ರಶ್ನೆ: 1978ರ ‘ಹ್ಯಾಲೋವೀನ್’ ಚಿತ್ರವನ್ನೂ ಅದರ 2007ರ ರೀಮೇಕನ್ನೂ ಒಂದರ ಹಿಂದೊಂದು ನೋಡಿದೆ. ಹೊಸದರಲ್ಲಿ ರಕ್ತಪಾತ ಹೆಚ್ಚು, ಆದರೂ ನನ್ನನ್ನು ಹೆದರಿಸಿದ್ದು ಹಳೆಯದೇ. ಇದು ಹಳೆಯದರ ಮೇಲಿನ ವ್ಯಾಮೋಹವೇ? ಎಲ್ಲ ಸ್ಲ್ಯಾಷರ್ (ಒಬ್ಬ ಕೊಲೆಗಾರ ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲುವ ಬಗೆಯ) ಚಿತ್ರಗಳ ರೀಮೇಕ್‌ಗಳ ಪಾಡೂ ಇಷ್ಟೇ ಏನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವ್ಯಾಮೋಹ ಎನ್ನಲಾಗದು. ಜಾನ್ ಕಾರ್ಪೆಂಟರ್ ಅವರ ಮೂಲ ಚಿತ್ರ ತೆರೆದುಕೊಳ್ಳುವುದೇ 1963ರಲ್ಲಿ, ಮಕ್ಕಳು ವೇಷ ತೊಡುವ ಹ್ಯಾಲೋವೀನ್ ಹಬ್ಬದ ರಾತ್ರಿ, ಕೊಲೆಗಾರನ ಕಣ್ಣಿನಿಂದ. ಕ್ಯಾಮೆರಾ ಮನೆಯ ಸುತ್ತ ಸುಳಿದು, ಅಡುಗೆಮನೆಯ ಚಾಕು ಹಿಡಿದು ಮಹಡಿಯೇರಿ, ಹುಡುಗಿಯೊಬ್ಬಳ ಕೊಲೆಯಾದ ಮೇಲೆ ಹೊರಬರುತ್ತದೆ; ಅಲ್ಲಿ ಮುಖವಾಡ ಕಳಚಿದಾಗ ಕಾಣುವವನು ಆರು ವರ್ಷದ ಮೈಕೇಲ್ ಮೈಯರ್ಸ್, ಸತ್ತವಳು ಅವನ ಅಕ್ಕ. ಅವನೇಕೆ ಕೊಂದನೆಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಎಂಟು ವರ್ಷ ಅವನ ಮನಸ್ಸನ್ನು ತಲುಪಲು ಹೆಣಗಿ, ಮತ್ತೆ ಏಳು ವರ್ಷ ಅವನು ಆಸ್ಪತ್ರೆಯಿಂದ ಹೊರಬೀಳದಂತೆ ನೋಡಿಕೊಂಡ ವೈದ್ಯ ಲೂಮಿಸ್‌ಗೂ ಅದು ಗೊತ್ತಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ಊರಿಗೆ ಮರಳಿದ ಮೈಕೇಲ್ ಲೋರಿ ಎಂಬ ಹುಡುಗಿಯ ಬೆನ್ನುಹತ್ತುವುದೂ ಹಾಗೆಯೇ: ಮನೆ ಮಾರಾಟದ ವ್ಯವಹಾರ ಮಾಡುವ ತಂದೆ ಹೇಳಿದರೆಂದು ಆಕೆ ಮೈಕೇಲನ ಹಳೆಯ ಪಾಳುಮನೆಗೆ ಬೀಗದಕೈ ಇಡಲು ಬಂದಳು, ಒಳಗಿದ್ದವನು ನೋಡಿದ. ಆ ಬಾಗಿಲಿಗೆ ಯಾರು ಬೇಕಾದರೂ ಹೋಗಬಹುದಿತ್ತು ಎಂಬುದೇ ನಿಮ್ಮನ್ನು ಹೆದರಿಸಿದ್ದು.

ರಾಬ್ ಝಾಂಬಿ ಅವರ ರೀಮೇಕ್ ಈ ಎರಡಕ್ಕೂ ಕಾರಣ ಒದಗಿಸುತ್ತದೆ. ಹತ್ತು ವರ್ಷದ ಮೈಕೇಲನ ಒಡೆದ ಸಂಸಾರ, ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಪೀಡಿಸುವ ಹುಡುಗರು – ಇವಕ್ಕೆ ಚಿತ್ರದ ದೊಡ್ಡ ಪಾಲು ಸಂದಿದೆ. ಲೋರಿಯಂತೂ ಅವನ ತಂಗಿಯೇ ಆಗಿದ್ದಾಳೆ. (ಈ ತಂಗಿಯ ನಂಟು ಹುಟ್ಟಿದ್ದು ಮೂಲದ್ದೇ ಎರಡನೆಯ ಭಾಗದಲ್ಲಿ, 1981ರಲ್ಲಿ, ಅದನ್ನೂ ಝಾಂಬಿ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.) ಕಾರಣ ತಿಳಿದ ಮೇಲೆ ಮರುಕ ಹುಟ್ಟಬಹುದು, ಹೇಸಿಗೆಯೂ ಹುಟ್ಟಬಹುದು, ದಿಗಿಲು ಮಾತ್ರ ಇಳಿಯುತ್ತದೆ. ಮೂಲದಲ್ಲಿ ಬೇಲಿಯ ಮಗ್ಗುಲಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ಸುಮ್ಮನೆ ನಿಂತು ಮರುಕ್ಷಣ ಇಲ್ಲವಾಗುತ್ತಿದ್ದವನು ಇಲ್ಲಿ ಬಾಗಿಲು ಒಡೆದು ನುಗ್ಗುವ ದೈತ್ಯ.

ದೋಷ ಕುಶಲತೆಯದಲ್ಲ ಎಂಬುದಕ್ಕೆ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಸಾಕ್ಷಿ. 1974ರ ಮೂಲಕ್ಕೂ 2003ರ ರೀಮೇಕಿಗೂ ಛಾಯಾಗ್ರಾಹಕರು ಒಬ್ಬರೇ, ಡ್ಯಾನಿಯಲ್ ಪರ್ಲ್. ಟೋಬಿ ಹೂಪರ್ ಅವರ ಮೂಲವು 16 ಎಂ.ಎಂ. ಫಿಲ್ಮಿನಲ್ಲಿ, ಬಿಸಿಲಲ್ಲಿ ಬೆಂದಂತೆ ಚಿತ್ರಿತವಾಗಿದ್ದು, ಮಾಂಸ ತೂಗುಹಾಕುವ ಕೊಕ್ಕೆ ಮೈಗೆ ನಾಟುವುದನ್ನು ತೋರಿಸದೆಯೇ ತೋರಿಸಿದಂತೆ ಭ್ರಮೆ ಹುಟ್ಟಿಸುತ್ತದೆ. ರೀಮೇಕ್ ಅಂಥದ್ದನ್ನೆಲ್ಲ ನುಣುಪಾದ ಬೆಳಕಿನಲ್ಲಿ ಕಣ್ಣೆದುರಿಗೇ ಇಡುತ್ತದೆ. ಆದರೂ ಅದು ಚೆನ್ನಾಗಿ ಹಣ ಮಾಡಿತು, ಮುಂದಿನ ರೀಮೇಕ್‌ಗಳ ಸಾಲಿಗೆ ದಾರಿಯನ್ನೂ ಮಾಡಿಕೊಟ್ಟಿತು.

ಎಲ್ಲ ರೀಮೇಕ್‌ಗಳೂ ಹೀಗೆಯೇ ಎನ್ನಲಾರೆ. 1980ರ ‘ಫ್ರೈಡೇ ದ ಥರ್ಟೀನ್ತ್’ ನನ್ನ ದೃಷ್ಟಿಯಲ್ಲಿ ಮೇರುಕೃತಿಯೇನಲ್ಲ. ಅದರಲ್ಲಿ ಕೊಲೆಗಾರ್ತಿ, ಮುಂದಿನ ಭಾಗಗಳ ಕೊಲೆಗಾರ ಜೇಸನ್‌ನ ತಾಯಿ; ಅವನ ಹೆಸರುವಾಸಿಯಾದ, ಹಾಕಿ ಆಟದವರು ತೊಡುವಂಥ ಮುಖವಾಡ ಬಂದದ್ದು 1982ರ ಮೂರನೆಯ ಭಾಗದಲ್ಲಿ. 2009ರ ರೀಮೇಕ್ ತಾಯಿಯ ಕಥೆಯನ್ನು ಆರಂಭದ ಕೆಲವೇ ನಿಮಿಷಗಳಲ್ಲಿ ಮುಗಿಸಿ, ಉಳಿದ ಭಾಗಗಳಿಂದ ಬೇಕಾದ್ದನ್ನು ಆಯ್ದುಕೊಂಡು ವೇಗವಾಗಿ ಓಡುತ್ತದೆ. ಎರಡರಲ್ಲಿ ಒಂದನ್ನೇ ನೋಡಬೇಕೆಂದರೆ ನಾನು ಹೊಸದನ್ನೇ ಸೂಚಿಸುತ್ತೇನೆ.